ಕರೆಂಟ್ ಬಂತೇನು?

ನಮ್ಮ ಸೀಮೆಯಲ್ಲಿ ಇಬ್ಬರು ಎದುರಾದರೆ ಮೊದಲು ಮಳೆಯ ಸಮಾಚಾರ ಕೇಳುತ್ತಿದ್ದರು. ಊರೂರಿಗೆ ಬೋರು ಬಿದ್ದ ಮೇಲೆ ಮಳೆಯ ಜಾಗಕ್ಕೆ ಕರೆಂಟು ಬಂದು ಕೂತಿತು. ಹೊಲಕ್ಕೆ ಹೊರಟವನಿಗೆ ಊರ ಕಡೆ ಬರುವವನು ಸಿಕ್ಕರೆ, "ಕರೆಂಟ್ ಬಂತೇನ್ ಕಾಕಾ?" ಎಂಬುದೇ ಮೊದಲ ಮಾತು. "ಇನ್ನಾ ಇಲ್ಲೋ ತಮ್ಮಾ" ಎಂಬುದೇ ಹೆಚ್ಚಿನ ದಿನಗಳ ಉತ್ತರ. ಈ ಪ್ರಶ್ನೆಗೆ ಉತ್ತರ ಹೇಳುವ ವ್ಯವಸ್ಥೆಯೊಂದು ಯಾರ ಯೋಜನೆಯೂ ಇಲ್ಲದೆ ತಾನಾಗಿ ಬೆಳೆದಿತ್ತು. ಅದು ಮೂರು ಬಲ್ಬುಗಳ ವ್ಯವಸ್ಥೆ.

ಯಲಬುರ್ಗಾ ತಾಲ್ಲೂಕಿನ ನಮ್ಮ ಊರಿನಿಂದ ನಮ್ಮ ಬೋರು ಮುಕ್ಕಾಲು ಮೈಲು ದೂರ. ಪಂಪಿನ ಮನೆಯ ಗೋಡೆಗೆ ಒಂದು ಹಲಗೆ, ಹಲಗೆಯ ಮೇಲೆ ಸ್ಟಾರ್ಟರು, ಅದರ ನೆತ್ತಿಗೆ ಸಾಲಾಗಿ ಮೂರು ಬಲ್ಬು, ಒಂದೊಂದು ಫೇಸಿಗೆ ಒಂದೊಂದು. ಮೂರೂ ಜಗ್ಗನೆ ಹೊತ್ತಿದರೆ ತ್ರೀ ಫೇಸ್ ಬಂದಿದೆ, ಮೋಟಾರು ಹಾಕಬಹುದು. ಎರಡು ಹೊತ್ತಿ ಒಂದು ಆರಿದ್ದರೆ ಟಿ.ಸಿ.ಯಲ್ಲಿ ಒಂದು ಫ್ಯೂಜು ಹೋಗಿದೆ, ಅವಸರಪಟ್ಟು ಗುಂಡಿ ಒತ್ತಿದರೆ ಮೋಟಾರಿನ ವೈಂಡಿಂಗ್ ಸುಡುತ್ತದೆ. ಮಂಕಾಗಿ ಉರಿದರೆ ಬರೀ ಸಿಂಗಲ್ ಫೇಸ್, ಮನೆಯ ದೀಪಕ್ಕೆ ಸಾಕು, ನೀರಿಗೆ ಸಾಲದು. ರಾತ್ರಿ ಪಾಳಿಯ ದಿನಗಳಲ್ಲಿ ಅಪ್ಪ ಮಾಳಿಗೆಯ ಮೇಲೆ ಮಲಗುತ್ತಿದ್ದುದು ಗಾಳಿಗಾಗಿ ಅಲ್ಲವೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಡುರಾತ್ರಿ ಎದ್ದು ಕೂತು ಹೊಲದ ದಿಕ್ಕು ನೋಡುತ್ತಿದ್ದ. ಬಯಲುಸೀಮೆಯ ಕತ್ತಲಲ್ಲಿ ಆ ಬೆಳಕಿನ ಚುಕ್ಕೆ ಕಂಡರೆ ಬ್ಯಾಟರಿ, ಬಡಿಗೆ ಹಿಡಿದು ಇಳಿಯುತ್ತಿದ್ದ.

ಆದರೆ ಈ ವ್ಯವಸ್ಥೆಯಲ್ಲಿ ಒಂದು ಕೊರತೆ ಇತ್ತು. ಬೆಳಕು ಹೇಳುವುದು ಒಂದೇ ಮಾತು, ಕತ್ತಲೆಗೆ ಹತ್ತು ಅರ್ಥ. ಪಾಳಿಯ ಕರೆಂಟೇ ಬಂದಿಲ್ಲದಿರಬಹುದು. ಟಿ.ಸಿ. ಸುಟ್ಟಿರಬಹುದು. ಗಾಳಿಗೆ ತಂತಿ ಹರಿದು ಬಿದ್ದಿರಬಹುದು. ಅಥವಾ ಕರೆಂಟು ಬಂದು, ಬಲ್ಬುಗಳೇ ಸುಟ್ಟು ಕೂತಿರಬಹುದು. ಕತ್ತಲೆಯ ಅರ್ಥ ತಿಳಿಯಲು ಯಾರಾದರೂ ಕತ್ತಲಲ್ಲೇ ನಡೆದು ಹೋಗಬೇಕು. ಹಾವು ತುಳಿದವರು, ಹರಿದ ತಂತಿ ತುಳಿದವರು ಹೀಗೆ ಅರ್ಥ ತಿಳಿಯಲು ಹೋದವರೇ.

ವಿದ್ಯುತ್ತಿನ ಚರಿತ್ರೆಯನ್ನು ಅಣೆಕಟ್ಟು, ಮೆಗಾವಾಟು, ಉದ್ಘಾಟನೆಯ ಕಲ್ಲುಗಳ ಲೆಕ್ಕದಲ್ಲಿ ಬರೆಯುವುದು ವಾಡಿಕೆ. ವಿದ್ಯುತ್ತಿನ ಸುದ್ದಿಯ ಚರಿತ್ರೆ ಬೇರೆ. ಕರೆಂಟು ಬಂದ ಸುದ್ದಿಯನ್ನು ಕರೆಂಟೇ ತರುತ್ತದೆ. ಕರೆಂಟು ಹೋದ ಸುದ್ದಿಯನ್ನು ಹೊರುವವರು ಯಾರು? ನೂರು ವರ್ಷಗಳಿಂದ ಎಂಜಿನಿಯರುಗಳು ಬಿಡಿಸುತ್ತ ಬಂದಿರುವ ಒಗಟು ಇದೇ. ಈಗ ಅದು ಮೊಬೈಲ್ ಟವರಿನ ಬುಡಕ್ಕೆ ಬಂದು ನಿಂತಿದೆ.

ಕನ್ನಡ ನಾಡಿನ ಮಟ್ಟಿಗೆ ಈ ಕಥೆ ಶಿವನಸಮುದ್ರದಲ್ಲಿ ಶುರುವಾಗುತ್ತದೆ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರು ತಂತಿಯ ಮೇಲೆ ಕರೆಂಟು ಹೋಯಿತು. 1905ರಲ್ಲಿ ಬೆಂಗಳೂರಿಗೆ ಬೆಳಕು ಬಂತು. ಹುಟ್ಟುವ ಜಾಗಕ್ಕೂ ಮುಟ್ಟುವ ಜಾಗಕ್ಕೂ ಅಷ್ಟು ದೂರವಾದ ಮೇಲೆ ಈ ತುದಿಯವರು ಆ ತುದಿಯವರೊಡನೆ ಮಾತಾಡಲೇಬೇಕು. ದೂರದ ಲೈನುಗಳ ಜೊತೆಗೆ ದೂರವಾಣಿಯ ತಂತಿಯನ್ನೂ ಎಳೆಯುವ ಪದ್ಧತಿ ಬಂದದ್ದು ಇದಕ್ಕಾಗಿ.

ನಮ್ಮ ಕೊಪ್ಪಳ ಸೀಮೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಮೈಸೂರಿನ ಬೆಳಕು ಇತ್ತ ಸುಳಿಯಲಿಲ್ಲ. 1945ರಲ್ಲಿ ತುಂಗಭದ್ರೆಗೆ ಅಣೆಕಟ್ಟಿನ ಕೆಲಸ ಆರಂಭವಾಯಿತು. ಬಲದಂಡೆ ಮದ್ರಾಸಿನದು, ಎಡದಂಡೆ ಹೈದರಾಬಾದಿನದು. 1953ರಲ್ಲಿ ನೀರು ನಿಂತಿತು. 1956ರ ಏಕೀಕರಣದಲ್ಲಿ ರಾಯಚೂರು ಜಿಲ್ಲೆಯೊಡನೆ ನಾವು ಮೈಸೂರು ರಾಜ್ಯ ಸೇರಿದೆವು. ಮರುವರ್ಷ ರಾಜ್ಯದ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. 1960ರ ದಶಕದಲ್ಲಿ ಎಡದಂಡೆಯ ಮುನಿರಾಬಾದಿನಲ್ಲಿ ವಿದ್ಯುದಾಗಾರ ಕೆಲಸ ಮಾಡತೊಡಗಿತು. ಕಾಲುವೆಗೆ ಇಳಿಯುವ ನೀರೇ ಯಂತ್ರ ತಿರುಗಿಸಿ ಮುಂದೆ ಹೋಗುತ್ತದೆ. ಅದರ ಶಕ್ತಿ 28 ಮೆಗಾವಾಟು. ಇಂದಿನ ಲೆಕ್ಕದಲ್ಲಿ ಅದು ಹತ್ತಿಪ್ಪತ್ತು ಗಾಳಿಯಂತ್ರಗಳ ಸಾಮರ್ಥ್ಯ, ಅಂದಿಗೆ ದೊಡ್ಡ ಮಾತು.

ದೊಡ್ಡ ಲೈನುಗಳಿಗೆ ಒಂದು ಜಾಣ ಉಪಾಯವನ್ನು ಎಂಜಿನಿಯರುಗಳು ಕಂಡುಕೊಂಡಿದ್ದರು. ಬೇರೆ ತಂತಿ ಏಕೆ, ಕರೆಂಟು ಹರಿಯುವ ತಂತಿಯ ಮೇಲೆಯೇ ಮಾತನ್ನೂ ಹರಿಸಿದರಾಯಿತು. ಕರೆಂಟು ಸೆಕೆಂಡಿಗೆ 50 ಸಲ ದಿಕ್ಕು ಬದಲಿಸಿ ಸುತ್ತು ಮುಗಿಸುತ್ತದೆ. ಮಾತನ್ನು ಹೊತ್ತ ಅಲೆ ಸೆಕೆಂಡಿಗೆ ಹತ್ತಾರು ಸಾವಿರದಿಂದ ಲಕ್ಷಗಟ್ಟಲೆ ಸಲ ಅಲುಗುತ್ತದೆ. ಒಂದಕ್ಕೊಂದು ತಾಗುವುದಿಲ್ಲ. ಹಳೆಯ ದೊಡ್ಡ ಸಬ್ ಸ್ಟೇಷನ್ನಿನ ಮುಂದೆ ಹಾದು ಹೋದರೆ ಲೈನಿಗೆ ಪೀಪಾಯಿಯಂಥದೊಂದು ಸುರುಳಿ ತೂಗಿಬಿಟ್ಟದ್ದು ಕಾಣುತ್ತದೆ. ಮಾತು ದಾರಿ ತಪ್ಪಿ ಯಂತ್ರಗಳ ಕಡೆ ಹೋಗದಂತೆ ತಡೆಯುವ ಕಟ್ಟೆ ಅದು. ಸ್ಟೇಷನ್ನಿನಲ್ಲಿ ಬ್ಯಾಟರಿ ಇರುವುದರಿಂದ ಕರೆಂಟು ಹೋದರೂ ಮಾತು ನಡೆಯುತ್ತದೆ. ಆದರೆ ಮೂಲದ ಒಗಟು ಇಲ್ಲಿಯೂ ಬಿಡಲಿಲ್ಲ. ತಂತಿಯೇ ಹರಿದು ಬಿದ್ದರೆ ಅದರ ಮೇಲಿನ ಮಾತೂ ಕ್ಷೀಣಿಸುತ್ತದೆ ಇಲ್ಲವೆ ಸಾಯುತ್ತದೆ. ಅಂದರೆ ಹೇಳಲೇಬೇಕಾದ ಸುದ್ದಿಯೊಂದು ಹುಟ್ಟಿದ ಗಳಿಗೆಯಲ್ಲಿಯೇ ಹೇಳುವವನ ಬಾಯಿ ಕಟ್ಟುತ್ತದೆ.

ಇನ್ನು ಈ ಜಾಣತನವೆಲ್ಲ ದೊಡ್ಡ ಸ್ಟೇಷನ್ನುಗಳ ನಡುವಿನದು. ಅಲ್ಲಿಂದ ಹಳ್ಳಿಯ ಟಿ.ಸಿ.ವರೆಗೆ ಹೋಗುವ 11 ಕೆ.ವಿ. ಲೈನಿಗೆ ಇದ್ದದ್ದು ಮನುಷ್ಯನೊಬ್ಬನೇ. ಆಪರೇಟರು ತಾಸಿಗೊಮ್ಮೆ ಎದ್ದು ಮೀಟರಿನ ಮುಳ್ಳು ನೋಡಿ ಲಾಗ್ ಪುಸ್ತಕದಲ್ಲಿ ಬರೆಯುತ್ತಿದ್ದ. ಲೈನ್‌ಮನ್ ಕಂಬ ಹತ್ತುವ ಮೊದಲು ಅವನಿಂದ ಲೈನ್ ಕ್ಲಿಯರ್ ಪಡೆಯಬೇಕಿತ್ತು. ಇವನು ಕೇಳಬೇಕು, ಅವನು ಲೈನು ಬಂದು ಮಾಡಬೇಕು, ಗುರುತಿನ ಅಂಕಿಯನ್ನು ಇಬ್ಬರೂ ಬರೆದುಕೊಳ್ಳಬೇಕು. ಕೆಲಸ ಮುಗಿಸಿ ಇಳಿದು ಆ ಅಂಕಿಯನ್ನು ಹಿಂದಿರುಗಿಸಿ ಹೇಳಿದ ಮೇಲೆಯೇ ಮತ್ತೆ ಲೈನು ಹಾಕಬೇಕು. ಆ ನಾಲ್ಕು ಅಕ್ಷರದ ಸಂದೇಶದ ಮೇಲೆ ಒಂದು ಜೀವ ತೂಗುತ್ತದೆ. ಗ್ರಿಡ್ಡಿನ ಸುದ್ದಿ ಎಂದರೆ ಬರೀ ಲೆಕ್ಕಪತ್ರ ಎಂದು ಯಾರಾದರೂ ಹೇಳಿದರೆ, ಕಂಬದ ಮೇಲಿರುವವನನ್ನು ನೆನೆಯಬೇಕು.

ಒಂದೇ ಜಿಲ್ಲೆಯಾದರೂ ನಮ್ಮ ಹಳೆಯ ನಾಲ್ಕು ತಾಲ್ಲೂಕುಗಳಿಗೆ ಕರೆಂಟಿನ ಹಂಗು ಒಂದೇ ಬಗೆಯದಲ್ಲ. ಗಂಗಾವತಿಗೆ ಎಡದಂಡೆ ಕಾಲುವೆ ಇದೆ. ಅಲ್ಲಿನ ಭತ್ತಕ್ಕೆ ನೀರು ತಾನಾಗಿ ಇಳಿದು ಬರುತ್ತದೆ, ಕರೆಂಟು ಬೇಕಾಗುವುದು ಮುಂದೆ, ಅಕ್ಕಿ ಗಿರಣಿಗೆ. ಕೊಪ್ಪಳ ತಾಲ್ಲೂಕಿಗೆ ಮುನಿರಾಬಾದು, ಗಿಣಿಗೇರಿಗಳಿವೆ, ಉಕ್ಕಿನ ಕಾರ್ಖಾನೆಗಳಿವೆ. ಅವುಗಳ ಕರೆಂಟು ಒಂದು ನಿಮಿಷ ಹೋದರೂ ಗದ್ದಲವಾಗುತ್ತದೆ. ಕುಷ್ಟಗಿ, ಯಲಬುರ್ಗಾ ಮಾತ್ರ ಒಣಬೇಸಾಯದ ನೆಲ. ಇಲ್ಲಿ ನೀರಾವರಿ ಎಂದರೆ ಬೋರು, ಬೋರು ಎಂದರೆ ಕರೆಂಟು. ಕರೆಂಟಿನ ಸುದ್ದಿ ಅತಿ ಹೆಚ್ಚು ಬೇಕಾದ ಜಾಗಕ್ಕೇ ಅದು ಅತಿ ತಡವಾಗಿ ಮುಟ್ಟುತ್ತಿತ್ತು.

ಎಷ್ಟು ತಡ ಎಂಬುದಕ್ಕೆ ನಮ್ಮ ಮನೆಯದೇ ಒಂದು ನೆನಪು ಹೇಳುತ್ತೇನೆ. 1990ರ ಆಸುಪಾಸಿನ ಒಂದು ಬೇಸಿಗೆ. ಶೇಂಗಾ ಹೂವಿಗೆ ಬಂದಿತ್ತು. ಒಂದು ರಾತ್ರಿ ಬಲ್ಬು ಹೊತ್ತಲಿಲ್ಲ, ಮರುರಾತ್ರಿಯೂ ಹೊತ್ತಲಿಲ್ಲ. ಪಾಳಿ ಬದಲಾಗಿರಬೇಕೆಂದು ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ ಹೋಗಿ ನೋಡಿದರೆ ಟಿ.ಸಿ.ಯಿಂದ ಎಣ್ಣೆ ಇಳಿದು ಕಂಬದ ಬುಡ ಕರ್ರಗಾಗಿತ್ತು. ಲೈನ್‌ಮನ್ ಬೇರೆ ಹಳ್ಳಿಗೆ ಹೋಗಿದ್ದ. ಕಾಕಾ ಬಸ್ಸು ಹಿಡಿದು ಕಚೇರಿಗೆ ಹೋದ. ಅಲ್ಲಿ ಕೇಳಿದ ಮೊದಲ ಪ್ರಶ್ನೆ, "ಟಿ.ಸಿ. ನಂಬರು ಏನು?" ಕಾಕಾನಿಗೆ ಹೊಲದ ಸರ್ವೆ ನಂಬರು ಬಾಯಿಪಾಠವಿತ್ತು, ಮೂರು ಮಕ್ಕಳ ಹುಟ್ಟಿದ ತಿಥಿ ನೆನಪಿತ್ತು, ಟಿ.ಸಿ.ಗೂ ಒಂದು ನಂಬರಿರುತ್ತದೆಂದು ಗೊತ್ತಿರಲಿಲ್ಲ. ಬಸ್ಸಿಗೆ ತಿರುಗಿ ಬಂದ. ನಂಬರು ಬರೆದಿದ್ದ ಬಣ್ಣ ಬಿಸಿಲಿಗೆ ಅಳಿಸಿಹೋಗಿತ್ತು. ಊರಿನ ಮಾಸ್ತರರ ಕೈಯಲ್ಲಿ ಅರ್ಜಿ ಬರೆಸಿ, ಹತ್ತು ಮಂದಿಯ ಸಹಿ, ಹೆಬ್ಬೆಟ್ಟು ಹಾಕಿಸಿ ಮತ್ತೆ ಹೋದ. ಹೊಸ ಟಿ.ಸಿ. ಬರುವ ಹೊತ್ತಿಗೆ ಹದಿನೇಳು ದಿನ ಕಳೆದಿತ್ತು. ಹೂವು ಕಾಯಿಯಾಗಲಿಲ್ಲ.

ಅದರಲ್ಲಿ ಯಾರದೂ ದೊಡ್ಡ ತಪ್ಪಿರಲಿಲ್ಲ. ಕಚೇರಿಯವನಿಗೆ ಟಿ.ಸಿ. ಕಾಣುತ್ತಿರಲಿಲ್ಲ, ನಮಗೆ ಕಚೇರಿ ಕಾಣುತ್ತಿರಲಿಲ್ಲ. ಹದಿನೇಳು ದಿನದಲ್ಲಿ ಮೊದಲ ಐದು ದಿನ ಕಳೆದದ್ದು ಬರೀ ಸುದ್ದಿ ಮುಟ್ಟಿಸುವುದರಲ್ಲಿ.

ಆಗ ದೂರವಾಣಿಯೂ ಹಳ್ಳಿಗೆ ಕಾಲಿಡುತ್ತಿದ್ದ ಕಾಲ. ಸಿ–ಡಾಟ್ ಸಂಸ್ಥೆ ತಯಾರಿಸಿದ ಮೊದಲ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರ 1986ರಲ್ಲಿ ನಮ್ಮ ಕಿತ್ತೂರಿನಲ್ಲಿಯೇ ಕೆಲಸ ಶುರುಮಾಡಿತು. ತಂಪು ಕೋಣೆಯ ಹಂಗಿಲ್ಲದೆ ಹಳ್ಳಿಯ ಬಿಸಿಲು ಧೂಳಿನಲ್ಲಿ ನಡೆಯುವ ಯಂತ್ರ ಅದು. ಅದರ ಬೆನ್ನಿಗೆ ಹಳದಿ ಹಲಗೆಯ ಎಸ್‌ಟಿಡಿ ಅಂಗಡಿಗಳು ಬಂದವು. 1995ರ ಜುಲೈ 31ರಂದು ಕಲ್ಕತ್ತೆಯಿಂದ ದಿಲ್ಲಿಗೆ ದೇಶದ ಮೊದಲ ಮೊಬೈಲ್ ಕರೆ ಹೋಯಿತು. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾಯಿತು. 2002ರಲ್ಲಿ ವಿದ್ಯುತ್ ಹಂಚಿಕೆ ಕಲಬುರಗಿ ಕೇಂದ್ರವಾದ ಜೆಸ್ಕಾಂ ಕೈಗೆ ಬಂತು. ಅದೇ ವರ್ಷ ಬಿಎಸ್‌ಎನ್‌ಎಲ್ ತನ್ನ ಮೊಬೈಲ್ ಸೇವೆ ಆರಂಭಿಸಿತು. ಇವೆರಡೂ ಒಂದೇ ವರ್ಷ ಬಂದದ್ದು ಕಾಕತಾಳೀಯ. ಆದರೆ ಕರೆಂಟಿನ ಕಂಬಕ್ಕೂ ಮೊಬೈಲಿನ ಟವರಿಗೂ ನಂಟಸ್ತಿಕೆ ಬೆಳೆದದ್ದು ಆ ಮೇಲಿನ ದಿನಗಳಲ್ಲಿ.

ಅಚ್ಚರಿಯೆಂದರೆ ಈ ನಂಟಸ್ತಿಕೆಯನ್ನು ಮೊದಲು ಕುದುರಿಸಿದ ಮಂದಿಯಲ್ಲಿ ರೈತರು ಮುಂದಿದ್ದರು. ಪುಣೆಯ ಸಂತೋಷ್ ಓಸ್ತವಾಲ್ ಎಂಬ ಎಂಜಿನಿಯರು ನ್ಯಾನೋ ಗಣೇಶ್ ಎಂಬ ಸಾಧನ ಮಾಡಿದರು. ಅದಕ್ಕೆ 2009ರಲ್ಲಿ ನೋಕಿಯಾ ಕಂಪನಿಯ ಬಹುಮಾನ ಬಂತು. ಬೆಂಗಳೂರಿನ ಕಂಪನಿಯೊಂದು ಕಿಸಾನ್ ರಾಜಾ ಎಂಬ ಹೆಸರಿನಲ್ಲಿ ಅಂಥದೇ ಸಾಧನ ತಂದಿತು. ನಮ್ಮವರ ಬಾಯಲ್ಲಿ ಇವೆಲ್ಲಕ್ಕೂ ಒಂದೇ ಹೆಸರು, ಮೊಬೈಲ್ ಸ್ಟಾರ್ಟರು. ಸ್ಟಾರ್ಟರಿನ ಪಕ್ಕದಲ್ಲಿ ಒಂದು ಡಬ್ಬಿ, ಅದರೊಳಗೊಂದು ಸಿಮ್ಮು. ಮನೆಯಲ್ಲಿ ಕೂತು ಬೋರಿಗೆ ಫೋನು ಮಾಡಬಹುದು. ಕರೆಂಟಿದೆಯೇ, ಮೂರೂ ಫೇಸಿದೆಯೇ, ಮೋಟಾರು ನಡೆದಿದೆಯೇ ಎಂದು ಅದು ಹೇಳುತ್ತದೆ. ಬೇಕಾದರೆ ಮೋಟಾರು ಹಾಕುತ್ತದೆ, ಆರಿಸುತ್ತದೆ. ಮಾಳಿಗೆಯ ಮೇಲಿನ ಅಪ್ಪನ ಕಾವಲನ್ನು ಒಂದು ಮಿಸ್ಡ್ ಕಾಲ್ ಮುಗಿಸಿತು. ಇಷ್ಟು ಚಿಕ್ಕ, ಇಷ್ಟು ಅಗ್ಗದ ಸಂದೇಶ ಮನುಷ್ಯಕುಲಕ್ಕೆ ಹಿಂದೆಂದೂ ಇರಲಿಲ್ಲವೇನೋ. ಮಾತಿಲ್ಲ, ದುಡ್ಡಿಲ್ಲ, ಅರ್ಥ ಮಾತ್ರ ಇದೆ.

ಕಂಪನಿಗಳ ಗ್ರಿಡ್ಡು ಮಾತು ಕಲಿತದ್ದು ಬೇರೆ ದಾರಿಯಿಂದ. ದೊಡ್ಡ ಸಬ್ ಸ್ಟೇಷನ್ನುಗಳನ್ನು ರಾಜ್ಯದ ಪ್ರಸರಣ ನಿಗಮ 2000ದ ದಶಕದಲ್ಲಿ ಉಪಗ್ರಹದ ತಟ್ಟೆಗಳ ಮೂಲಕ ಬೆಂಗಳೂರಿಗೆ ಜೋಡಿಸಿತು. ಕೆಳಗಿನ ಫೀಡರು, ಟಿ.ಸಿ.ಗಳಿಗೆ ಮೀಟರು ಕೂರಿಸಿ ಅದರ ಲೆಕ್ಕವನ್ನು ಮೊಬೈಲ್ ಜಾಲದಿಂದ ತರಿಸುವ ಕೆಲಸ 2008ರ ಕೇಂದ್ರ ಯೋಜನೆಯೊಂದರಿಂದ ಬಿರುಸಾಯಿತು. ಆ ಯೋಜನೆಯ ಅಳತೆ 2001ರ ಜನಗಣತಿಯಲ್ಲಿ 30,000ಕ್ಕಿಂತ ಹೆಚ್ಚು ಜನರಿರುವ ಪಟ್ಟಣ. ಆ ಅಳತೆಗೋಲಿನಲ್ಲಿ ನಮ್ಮ ಆಗಿನ ನಾಲ್ಕು ತಾಲ್ಲೂಕು ಕೇಂದ್ರಗಳು ಎರಡು ಪಾಲಾಗುತ್ತವೆ. ಕೊಪ್ಪಳ, ಗಂಗಾವತಿ ಗೆರೆಯ ಮೇಲೆ, ಕುಷ್ಟಗಿ, ಯಲಬುರ್ಗಾ ಗೆರೆಯ ಕೆಳಗೆ. ಇಲ್ಲಿಯೂ ಸುದ್ದಿ ಹೆಚ್ಚು ಬೇಕಾದವರೇ ಗೆರೆಯ ಹೊರಗೆ ಉಳಿದರು.

ಆಗಿನ ಮೋಡೆಮ್ಮುಗಳು ಬಳಸಿದ್ದು ಸಾಮಾನ್ಯ ಜಿಪಿಆರ್‌ಎಸ್ ಜಾಲವನ್ನು. ಅದು ಮನುಷ್ಯರ ಮಾತಿಗಾಗಿ ಕಟ್ಟಿದ ಜಾಲ. ಟವರು ದೂರವಾದಷ್ಟೂ ಸಿಗ್ನಲ್ಲು ಬತ್ತುತ್ತದೆ. ಮೀಟರು ಕೂತಿರುವುದು ಕಬ್ಬಿಣದ ಪೆಟ್ಟಿಗೆಯೊಳಗೆ, ಆ ಪೆಟ್ಟಿಗೆ ಇರುವುದು ಊರ ಹೊರಗೆ. ಫೋನು ಹಿಡಿದ ಮನುಷ್ಯನಾದರೆ ಕಟ್ಟೆ ಹತ್ತಿ, "ಹಲೋ, ಕೇಳಸ್ತದೇನು?" ಎಂದು ಅರಚಬಹುದು. ಟಿ.ಸಿ. ಎಲ್ಲಿ ಹತ್ತೀತು?

ಯಂತ್ರಗಳಿಗೆಂದೇ ಬೇರೆ ಭಾಷೆ ಬೇಕೆಂಬ ವಿಚಾರ ಹೀಗೆ ಬಲಿಯಿತು. ಮೊಬೈಲ್ ಜಾಲಗಳ ಕಟ್ಟಳೆ ಗೊತ್ತುಮಾಡುವ ಅಂತರರಾಷ್ಟ್ರೀಯ ಒಕ್ಕೂಟ 2016ರಲ್ಲಿ ಅಂಥದೊಂದನ್ನು ಗೊತ್ತುಮಾಡಿತು. ಅದರ ಹೆಸರು ಎನ್‌ಬಿ–ಐಒಟಿ. ಅದು ಬಳಸುವ ತರಂಗಗಳ ಪಟ್ಟಿ ತೀರಾ ಕಿರಿದು, 180 ಕಿಲೋಹರ್ಟ್ಜ್. ಹಾಡು, ಸಿನಿಮಾ ಅದರಲ್ಲಿ ಹೋಗುವುದಿಲ್ಲ. ಅದು ಹೊರುವುದು ನಾಲ್ಕು ಅಂಕಿಗಳನ್ನು: ಇಷ್ಟು ವೋಲ್ಟು, ಇಷ್ಟು ಆಂಪಿಯರು, ಇಷ್ಟು ಯೂನಿಟ್ಟು, ಇಂಥ ಸಮಯ. ಹತ್ತು ಸೆಕೆಂಡು ತಡವಾದರೂ ಅದಕ್ಕೆ ಬೇಸರವಿಲ್ಲ. ಉಳಿದ ಹೊತ್ತು ನಿದ್ದೆ ಮಾಡುತ್ತದೆ. ಆದರೆ ಹಳೆಯ ಜಿಪಿಆರ್‌ಎಸ್ಸಿಗೆ ಕೇಳಿಸುತ್ತಿದ್ದ ಸದ್ದಿಗಿಂತ ನೂರು ಪಾಲು ಕ್ಷೀಣವಾದ ಪಿಸುಮಾತನ್ನೂ ಹಿಡಿಯುವಂತೆ ಅದನ್ನು ರಚಿಸಿದ್ದಾರೆ.

ಅದು ಸಾಧ್ಯವಾಗುವುದು ಮುಖ್ಯವಾಗಿ ಎರಡು ಉಪಾಯಗಳಿಂದ. ಒಂದು, ಇರುವ ಶಕ್ತಿಯನ್ನೆಲ್ಲ ಕಿರಿದಾದ ಪಟ್ಟಿಯಲ್ಲಿ ಒಟ್ಟುಗೂಡಿಸುವುದು, ಅಗಲವಾದ ಕಾಲುವೆಯ ನೀರನ್ನು ಕೊಳವೆಗೆ ತಿರುಗಿಸಿದಂತೆ. ಇನ್ನೊಂದು, ಅದೇ ಮಾತನ್ನು ಮತ್ತೆ ಮತ್ತೆ ಹೇಳುವುದು. ಮೀಟರು ಟವರಿಗೆ ಒಂದೇ ಸುದ್ದಿಯನ್ನು ಬೇಕಾದರೆ 128 ಸಲ ಹೇಳುತ್ತದೆ. ಒಂದೊಂದು ಸಲವೂ ಗದ್ದಲದಲ್ಲಿ ಅರ್ಧಂಬರ್ಧ ಕೇಳಿಸಿದರೂ ಎಲ್ಲವನ್ನೂ ಒಂದರ ಮೇಲೊಂದು ಇಟ್ಟಾಗ ಮಾತು ಮೂಡುತ್ತದೆ. ಇದನ್ನು ಮೊದಲು ಓದಿದಾಗ ನನಗೆ ನೆನಪಾದದ್ದು ಕೊಪ್ಪಳದ ಗುಡ್ಡಗಳು. ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನವಿದೆ, ಹತ್ತಿರದ ಪಲ್ಕಿಗುಂಡಿನ ಮೇಲೆಯೂ ಅದೇ ಮಾತಿದೆ. ಮಸ್ಕಿಯ ಬಂಡೆಯ ಮೇಲೂ ಹೆಚ್ಚುಕಡಿಮೆ ಅದೇ. ಇಷ್ಟು ಸಮೀಪದಲ್ಲಿ ಒಂದೇ ಸಂದೇಶವನ್ನು ಏಕೆ ಕೊರೆಸಿದನೆಂದು ವಿದ್ಯಾರ್ಥಿಯಾಗಿದ್ದಾಗ ಬೆರಗಾಗುತ್ತಿತ್ತು. ದೂರದ ಕಿವಿಗೆ ಮುಟ್ಟಬೇಕಾದ ಮಾತನ್ನು ಚುಟುಕಾಗಿ ಹೇಳಬೇಕು, ಹಲವು ಸಲ ಹೇಳಬೇಕು. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದಿನ ರಾಜನಿಗೂ ಇಂದಿನ ಮೀಟರಿಗೂ ಇದು ಒಂದೇ ಪಾಠ.

"ಕರೆಂಟಿನ ಮೀಟರಿಗೆ ಕರೆಂಟಿನ ಬರವೇ? ಕಡಿಮೆ ಶಕ್ತಿಯ ಜಾಲ ಅದಕ್ಕೇಕೆ ಬೇಕು?" ಎಂದು ನನ್ನ ಗೆಳೆಯರೊಬ್ಬರು ನಕ್ಕರು. ನ್ಯಾಯವಾದ ಪ್ರಶ್ನೆಯೇ. ಲೈನು ಜೀವಂತವಿರುವವರೆಗೆ ಮೀಟರಿಗೆ ಕೊರತೆಯಿಲ್ಲ. ಆದರೆ ಸುದ್ದಿಗೆ ಬೆಲೆ ಬರುವುದು ಲೈನು ಸತ್ತ ಗಳಿಗೆಯಲ್ಲಿ. ಅದಕ್ಕಾಗಿ ಮೀಟರಿನೊಳಗೆ ಒಂದು ಸಣ್ಣ ಶಕ್ತಿಯ ಗಂಟು ಇಟ್ಟಿರುತ್ತಾರೆ. ಕರೆಂಟು ಹೋದೊಡನೆ ಆ ಗಂಟು ಬಿಚ್ಚಿ, ಕೆಲವು ಸೆಕೆಂಡುಗಳೊಳಗೆ "ನಾನು ಆರಿದೆ" ಎಂಬೊಂದು ಮಾತು ಕಳಿಸಿ ಸುಮ್ಮನಾಗುತ್ತದೆ. ಎಂಜಿನಿಯರುಗಳು ಇದನ್ನು ಕೊನೆಯುಸಿರಿನ ಸಂದೇಶ ಎನ್ನುತ್ತಾರೆ. ಕೊನೆಯುಸಿರು ಚಿಕ್ಕದು. ಅಷ್ಟರಲ್ಲಿ ಹೇಳಿ ಮುಗಿಸಬೇಕಾದರೆ ಮಾತೂ ಚಿಕ್ಕದಿರಬೇಕು, ಜಾಲಕ್ಕೆ ಬೇಕಾಗುವ ಶಕ್ತಿಯೂ ಕಡಿಮೆ ಇರಬೇಕು. ಹಾಗೆಯೇ ಕಂಬದಿಂದ ಕಂಬಕ್ಕೆ ತಂತಿಯ ಮೇಲೆಯೇ ತೂಗುವ ದೋಷಸೂಚಕಗಳಿಗೆ ಬ್ಯಾಟರಿಯೇ ಆಸರೆ, ವರ್ಷಗಟ್ಟಲೆ ಬಾಳಬೇಕು. ನೂರು ವರ್ಷದ ಒಗಟಿಗೆ ಸಿಕ್ಕ ಉತ್ತರ ಇದು. ಕರೆಂಟು ಹೋದ ಸುದ್ದಿಯನ್ನು ಹೊರುವುದು ಹೋಗುವ ಮೊದಲು ಕೂಡಿಟ್ಟ ಒಂದು ಚಿಟಿಕೆ ಕರೆಂಟು.

ಉತ್ತರ ಪೂರ್ತಿಯಾಗಿಲ್ಲ. ಟವರೂ ಅದೇ ಲೈನಿನ ಕರೆಂಟಿನಿಂದಲೇ ನಡೆಯುತ್ತದೆ. ಲೈನು ಹೋದರೆ ಅದರ ಬ್ಯಾಟರಿ ಕೆಲವು ತಾಸು ಹಿಡಿಯುತ್ತದೆ, ಆಮೇಲೆ ಡೀಸೆಲ್ಲು. ಅದೂ ಮುಗಿದರೆ ಹೇಳುವವನಿದ್ದರೂ ಕೇಳುವವನಿಲ್ಲ. ಇನ್ನೊಂದು, ಇಂಥ ಜಾಲ ಎಲ್ಲ ಟವರುಗಳಲ್ಲಿಯೂ ಇರಬೇಕು. ಹೊಸ ಮೀಟರುಗಳು ಜಾಗ ನೋಡಿ ಕೆಲವೆಡೆ ರೇಡಿಯೋ ಅಲೆಯಿಂದ ನೆರೆಯ ಮೀಟರಿಗೆ ಸುದ್ದಿ ದಾಟಿಸುತ್ತವೆ, ಕೆಲವೆಡೆ ಮೊಬೈಲ್ ಜಾಲ ಹಿಡಿಯುತ್ತವೆ. ದೇಶದ ಮೊದಲ ಸ್ಮಾರ್ಟ್ ಗ್ರಿಡ್ ಪ್ರಯೋಗಗಳಲ್ಲಿ ಒಂದು ನಡೆದದ್ದು ಮೈಸೂರಿನ ವಿ.ವಿ. ಮೊಹಲ್ಲಾ ಭಾಗದಲ್ಲಿ. ಅದಕ್ಕೆ ಆರಿಸಿಕೊಂಡ 21,824 ಗ್ರಾಹಕರಲ್ಲಿ 512 ನೀರಾವರಿ ಪಂಪ್‌ಸೆಟ್ಟುಗಳೂ ಇದ್ದವು. ಯಂತ್ರಗಳ ಸಿಮ್ಮಿಗೆ 13 ಅಂಕಿಯ ನಂಬರು ಇರಬೇಕೆಂದು 2018ರಲ್ಲಿ ಸರ್ಕಾರ ಗೊತ್ತುಮಾಡಿತು. ಟಿ.ಸಿ.ಗೆ ನಂಬರಿದೆಯೆಂದೇ ಅರಿಯದ ಕಾಕಾ ಇದ್ದಿದ್ದರೆ, ಮನುಷ್ಯರ ನಂಬರಿಗಿಂತ ಅದರ ನಂಬರು ಮೂರು ಅಂಕಿ ಉದ್ದವೆಂದು ಕೇಳಿ ನಗುತ್ತಿದ್ದ.

ಇಷ್ಟರಲ್ಲಿ ನಮ್ಮ ನೆಲದ ರೂಪವೂ ಬದಲಾಗಿದೆ. ಯಲಬುರ್ಗಾ, ಕುಕನೂರು, ಕುಷ್ಟಗಿ ದಾರಿಯಲ್ಲಿ ಎತ್ತ ನೋಡಿದರೂ ಗಾಳಿಯಂತ್ರ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನು ದಕ್ಷಿಣದ ಗ್ರಿಡ್ಡನ್ನು ದೇಶದ ಗ್ರಿಡ್ಡಿಗೆ ಹೆಣೆದ ಮೇಲೆ ಇಲ್ಲಿಯ ಗಾಳಿ ಎಲ್ಲಿಯ ದೀಪಕ್ಕೂ ಆಗುತ್ತದೆ. ದಿನವನ್ನು ಹದಿನೈದು ನಿಮಿಷದ 96 ತುಂಡು ಮಾಡಿ, ಒಂದೊಂದು ತುಂಡಿಗೂ ಯಾರು ಎಷ್ಟು ಕೊಡಬೇಕೆಂದು ಗ್ರಿಡ್ಡಿನವರು ಲೆಕ್ಕ ಹಾಕುತ್ತಾರೆ. ನೆತ್ತಿಯ ಮೇಲೆ ತಿರುಗುವ ರೆಕ್ಕೆಯ ಸುದ್ದಿ ಕ್ಷಣಮಾತ್ರದಲ್ಲಿ ದೂರದ ನಿಯಂತ್ರಣ ಕೋಣೆಗೆ ಮುಟ್ಟುತ್ತದೆ. ಆ ರೆಕ್ಕೆಯ ನೆರಳಿನಲ್ಲಿ ಕೂತ ರೈತ ಪಕ್ಕದ ಹೊಲದವನನ್ನು ಕೂಗಿ ಕೇಳುತ್ತಾನೆ, "ಕರೆಂಟ್ ಬಂತೇನ್ ಮಾವಾ?"

ನಾನು ಹೇಳಬೇಕೆಂದಿರುವುದು ಈ ಅಂತರದ ಬಗ್ಗೆ. ಗ್ರಿಡ್ಡಿನ ಸುದ್ದಿ ಯಾವಾಗಲೂ ಮೇಲಕ್ಕೇ ಹರಿದಿದೆ. ಲಾಗ್ ಪುಸ್ತಕವಿರಲಿ, ಉಪಗ್ರಹವಿರಲಿ, ಹೊಸ ಕಿರುಪಟ್ಟಿಯ ಜಾಲವಿರಲಿ, ದಿಕ್ಕು ಬದಲಾಗಲಿಲ್ಲ. ಮೇಲಕ್ಕೆ ಹೋಗುವ ಸುದ್ದಿಯೂ ಬೇಕು, ಇಲ್ಲವೆನ್ನುವುದಿಲ್ಲ. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟುಗಳಿಗೆ 2008ರಿಂದ ಕರೆಂಟು ಉಚಿತ. ಹೆಚ್ಚಿನವಕ್ಕೆ ಮೀಟರಿಲ್ಲ. ಅವು ಎಷ್ಟು ಬಳಸಿದವೆಂಬುದು ಬಹುಕಾಲ ಅಂದಾಜಿನ ಲೆಕ್ಕವಾಗಿತ್ತು. ಅಂದಾಜಿನ ಲೆಕ್ಕದೊಳಗೆ ತಂತಿಯ ಸೋರಿಕೆಯೂ ಸೇರಬಹುದು, ಕಳವೂ ಸೇರಬಹುದು. ಎಲ್ಲವೂ ರೈತನ ಹೆಸರಿಗೆ ಬರೆದು ಹೋಗುತ್ತದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಯ ಫೀಡರು, ಹೊಲದ ಫೀಡರು ಬೇರೆಯಾದ ಮೇಲೆ ಹೊಲದ ಫೀಡರಿನ ಮೀಟರು ನೋಡಿ ಲೆಕ್ಕ ಹಾಕಿರೆಂದು ವಿದ್ಯುತ್ ನಿಯಂತ್ರಣ ಆಯೋಗ ಹೇಳುತ್ತ ಬಂದಿದೆ. 2021ರ ಕೇಂದ್ರ ಯೋಜನೆಯೂ 25 ಕೋಟಿ ಸ್ಮಾರ್ಟ್ ಮೀಟರಿನ ಗುರಿಯಿಂದ ಕೃಷಿ ಗ್ರಾಹಕರನ್ನು ಬಿಟ್ಟು, ಫೀಡರು, ಟಿ.ಸಿ.ಗಳಿಗೆ ಮಾತಾಡುವ ಮೀಟರು ಕೇಳಿತು. ಅಂದರೆ ರೈತನ ಪರವಾಗಿ ಅವನ ಟಿ.ಸಿ. ಸಾಕ್ಷಿ ಹೇಳುತ್ತದೆ. ಸಾಕ್ಷಿ ಸರಿಯಾಗಿದ್ದರೆ ಅವನು ಉಪಯೋಗಿಸದ ಕರೆಂಟಿನ ಭಾರ ಅವನ ಮೇಲಿನಿಂದ ಇಳಿಯುತ್ತದೆ. ಈ ಮೀಟರುಗಳನ್ನು ಕಂಡರೆ ಹೆದರುವ ನಮ್ಮ ಮಂದಿಗೆ ಇದನ್ನು ಯಾರಾದರೂ ಕೂತು ತಿಳಿಹೇಳಬೇಕು.

ಹಾಗೆಯೇ ಮೀಟರು ಕೂರಿಸುವವರೂ ಒಂದು ಮಾತು ತಿಳಿಯಬೇಕು. ಟಿ.ಸಿ. ಆರಿದ ಸುದ್ದಿ ಕಲಬುರಗಿಗೆ ಹತ್ತು ಸೆಕೆಂಡಿನಲ್ಲಿ ಹೋಗಬಲ್ಲದಾದರೆ, ಅದೇ ಸುದ್ದಿ ಆ ಟಿ.ಸಿ.ಯಿಂದ ನೀರು ಎತ್ತುವ ಹತ್ತು ಮಂದಿಯ ಕಿಸೆಯ ಫೋನಿಗೂ ಹೋಗಬಲ್ಲದು. ಪಾಳಿ ಬದಲಾಗಿದೆ, ಇವತ್ತು ರಾತ್ರಿ ಎರಡಕ್ಕೆ ಬರುತ್ತದೆ, ಅಲ್ಲಿಯವರೆಗೆ ಮಲಗಿರಿ ಎಂದು ಕನ್ನಡದಲ್ಲಿ ನಾಲ್ಕು ಪದ. 2023ರ ಬರಗಾಲದಲ್ಲಿ ಏಳು ತಾಸಿನ ತ್ರೀ ಫೇಸ್ ಐದಕ್ಕಿಳಿದಾಗ ರೈತನನ್ನು ಹೆಚ್ಚು ದಣಿಸಿದ್ದು ಕಡಿತಕ್ಕಿಂತ ಕಾಯುವಿಕೆ. ಎರಡು ತಾಸು ಕಡಿಮೆ ಎಂಬುದನ್ನು ಸಹಿಸಬಹುದು, ಯಾವ ಎರಡು ತಾಸು ಎಂದು ತಿಳಿಯದಿರುವುದನ್ನು ಸಹಿಸುವುದು ಕಷ್ಟ.

ಕಳೆದ ಸಲ ಊರಿಗೆ ಹೋದಾಗ ಕಾಕಾನ ಮಗ ಹೊಲ ತೋರಿಸಲು ಕರೆದೊಯ್ದ. ಶೇಂಗಾ ಹೋಗಿ ದಾಳಿಂಬೆ ಬಂದಿದೆ, ಹರಿನೀರು ಹೋಗಿ ಹನಿನೀರಾವರಿ ಬಂದಿದೆ. ಸ್ಟಾರ್ಟರಿನ ಪಕ್ಕದಲ್ಲಿ ಸಿಮ್ಮಿನ ಡಬ್ಬಿ ಇತ್ತು. ಅದರ ಮೇಲೆ ಹಳೆಯ ಹಲಗೆಯೂ ಇತ್ತು, ಮೂರು ಹೊಸ ಎಲ್‌ಇಡಿ ಬಲ್ಬುಗಳೊಡನೆ.

"ಫೋನ್ ಹೇಳತೈತಲ್ಲೋ, ಇವು ಯಾಕೋ ತಮ್ಮಾ?" ಎಂದು ಕೇಳಿದೆ.

"ಟವರ್ ಹೋದ್ರ ಬೇಕಲ್ಲಣ್ಣಾ," ಎಂದ.